ಇವರ ದಾರಿಯಲ್ಲಿ ನೀವೂ ನಡೆಯಿರಿ

ಶಾಖಾ ಪುಸ್ತಕಾಲಯದ ಗ್ರಂಥಪಾಲಕರನ್ನು ಊರೆಲ್ಲ ಠಸ್ಸೆಯವರು ಎಂದೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಸಂಬಳದ ಪಟ್ಟಿ ಬಿಟ್ಟು ಹೊರಗೆ ಎಲ್ಲೂ ಕಾಣಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಅದೇ ಮೇಜಿನ ಹಿಂದೆ ಕೂತು, ಬಂದ ಪುಸ್ತಕದ ಕೊನೆಯ ಪುಟ ತೆರೆದು, ಹಿಂದಿರುಗಿಸಬೇಕಾದ ತಾರೀಖಿನ ಠಸ್ಸೆ ಒತ್ತಿ, ‘ಮುಂದಿನವರು’ ಎನ್ನುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಓದುಗರ ಮುಖ ಅವರಿಗೆ ಗೊತ್ತಿರಲಿಲ್ಲ, ಬೆರಳು ಗೊತ್ತಿದ್ದವು. ಪುಸ್ತಕದ ಹೆಸರಿನ ಗೊಡವೆಯಂತೂ ಬೇಡವೇ ಬೇಡ. ಅವರ ಪಾಲಿಗೆ ಪುಸ್ತಕವೆಂದರೆ ಒಂದು ಸಂಖ್ಯೆ. ಯಾರಾದರೂ ಬಂದು ‘ತೋಟಗಾರಿಕೆ ಮೇಲೆ ಏನಾದ್ರೂ ಇದೆಯಾ ಸಾರ್’ ಎಂದರೆ, ‘ಎರಡು ಸಾವಿರದ ನೂರರಿಂದ ನೂರ ಅರವತ್ತು, ಎಡಗಡೆ’ ಎಂಬ ಉತ್ತರ ಬರುತ್ತಿತ್ತು, ಅದೂ ಮೇಜು ನೋಡಿಕೊಂಡೇ.

ಅವರ ತಲೆಯ ಮೇಲೆ ಗೋಡೆಯಲ್ಲಿ ಹತ್ತು ನಿಯಮಗಳ ಫಲಕವೊಂದು ತೂಗುತ್ತಿತ್ತು. ಅವರೇ ಕೈಯಾರೆ ಬರೆದದ್ದು. ನಾಲ್ಕನೆಯ ನಿಯಮ: ಪುಸ್ತಕದಲ್ಲಿ ಗೀಚಬಾರದು, ಗೀಚಿದ್ದು ಕಂಡರೆ ಅಳಿಸತಕ್ಕದ್ದು. ಏಳನೆಯದು: ಯಾರು ಯಾವ ಪುಸ್ತಕ ಓದುತ್ತಾರೆಂದು ಯಾರೂ ವಿಚಾರಿಸಬಾರದು. ಈ ಏಳನೆಯದು ಓದುಗರ ಮಾನ ಕಾಯಲು ಬರೆದದ್ದೆಂದು ಜನ ಮೆಚ್ಚಿಕೊಂಡಿದ್ದರು. ನಿಜ ಹೇಳಬೇಕೆಂದರೆ, ಕೇಳಿದವರಿಗೆಲ್ಲ ಉತ್ತರ ಹೇಳುವ ತಾಪತ್ರಯ ತಪ್ಪಲಿ ಎಂದು ಬರೆದದ್ದು.

ಹೀಗೆ ನೆಮ್ಮದಿಯಾಗಿದ್ದ ಮನುಷ್ಯನ ಮೇಲೆ ಒಂದು ಸೋಮವಾರ ಸಿಡಿಲು ಬಿತ್ತು. ಪ್ರಧಾನ ಕಚೇರಿಯ ಸಾಹೇಬರು ತಪಾಸಣೆಗೆ ಬಂದರು. ಅವರ ದನಿ ಕೇಳಿದರೆ ಕಪಾಟಿನ ಗಾಜು ಅದುರುತ್ತಿತ್ತು.

“ಏನ್ರೀ ಇದು ಪುಸ್ತಕಾಲಯನಾ, ಗೋದಾಮಾ? ಈಗಿನ ಕಾಲದಲ್ಲಿ ಜನ ಎಲ್ಲಿದ್ದಾರೆ ಹೇಳಿ.”

“ಎರಡನೇ ಬೆಂಚಿನಲ್ಲಿ ಇಬ್ಬರು ಇದ್ದಾರೆ ಸಾರ್. ಒಬ್ರು ಮಲಗಿದ್ದಾರೆ.”

“ಜನ ಫೋನಿನಲ್ಲಿದ್ದಾರೆ ಕಣ್ರೀ. ಈ ಶಾಖೆಗೆ ಒಂದು ಪೇಜ್ ಮಾಡಿ. ದಿನಾ ಒಂದು ಪೋಸ್ಟ್ ಹಾಕಿ. ಕೆಳಗೆ ಒಂದು ಘೋಷವಾಕ್ಯ ಇರಲಿ. ಮೂವತ್ತು ದಿನದಲ್ಲಿ ಸಾವಿರ ಜನ ಫಾಲೋ ಮಾಡ್ಬೇಕು. ಇಲ್ಲಾಂದ್ರೆ ಶಾಖೆ ಮುಚ್ಚುತ್ತೆ, ನೀವು ಕೇಂದ್ರ ಉಗ್ರಾಣಕ್ಕೆ.”

ಕೇಂದ್ರ ಉಗ್ರಾಣವಿದ್ದದ್ದು ರೈಲಿನಲ್ಲಿ ಹತ್ತು ಗಂಟೆಯ ದೂರದಲ್ಲಿ. ಅಲ್ಲಿ ಪುಸ್ತಕ ಯಾರೂ ಓದುವುದಿಲ್ಲ, ಗೆದ್ದಲು ಮಾತ್ರ ಓದುತ್ತದೆ. ಸಾಹೇಬರು ಆದೇಶದ ಕಾಗದ ಮೇಜಿನ ಮೇಲಿಟ್ಟು, ಕಪಾಟುಗಳ ನಡುವೆ ಒಂದು ಸುತ್ತು ಹಾಕಿ, ಹೋಗುವಾಗ ತಮ್ಮ ಓದುಗರ ಚೀಟಿ ಎಸೆದು ಅಧಿಕಾರದ ಮೇಲೆ ಒಂದು ಪುಸ್ತಕವನ್ನೂ ತೆಗೆದುಕೊಂಡು ಹೋದರು. ಠಸ್ಸೆಯವರು ಠಸ್ಸೆ ಒತ್ತಿದರು. ಅಭ್ಯಾಸಬಲದಿಂದ ‘ಮುಂದಿನವರು’ ಎಂದೂ ಅಂದುಬಿಟ್ಟರು.

ಆ ಕಾಗದವನ್ನು ಅವರು ಮನೆಯಲ್ಲಿ ತೋರಿಸಲಿಲ್ಲ. ಹೆಂಡತಿ ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಂದವರ ಗಲ್ಲ ಹಿಡಿದು ‘ತಲೆ ಎತ್ತಿ, ಇಲ್ಲಿ ನೋಡಿ’ ಎನ್ನುವುದೇ ಅವಳ ಕೆಲಸ. ಅವಳಿಗೆ ಈ ಸುದ್ದಿ ಹೇಳಿದರೆ ಎದೆ ಒಡೆದುಕೊಂಡಾಳು ಎಂದು ಠಸ್ಸೆಯವರೇ ತೀರ್ಮಾನಿಸಿ, ಕಾಗದವನ್ನು ಕೋಟಿನ ಒಳಜೇಬಿಗೆ ಸೇರಿಸಿದರು. ಆ ಕೋಟನ್ನು ಒಗೆಯುವವಳು ಅವಳೇ ಎಂಬ ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲ.

ಪೇಜ್ ಮಾಡಿಕೊಟ್ಟವನು ಮೊಬೈಲ್ ರಿಪೇರಿ ಅಂಗಡಿಯ ಭಾವಮೈದ.

“ಭಾವ, ಫೋನ್ ನಂಬರ್ ಹೇಳಿ.”

ಠಸ್ಸೆಯವರು ಪುಸ್ತಕಾಲಯದ ಟೆಲಿಫೋನ್ ನಂಬರ್ ಹೇಳಿದರು. ಸರ್ಕಾರಿ ಕೆಲಸಕ್ಕೆ ಸ್ವಂತ ನಂಬರ್ ಕೊಡುವುದು ಅವರ ತತ್ವಕ್ಕೆ ಒಗ್ಗದ ಮಾತು. ಭಾವಮೈದ ಮಾತಿನ ಭರದಲ್ಲಿ ಅದನ್ನೇ ಒತ್ತಿಬಿಟ್ಟ. ಆಮೇಲೆ ಪಾಸ್‌ವರ್ಡ್ ಬೇಕೆಂದ. ಅದರಲ್ಲಿ ಅಕ್ಷರ, ಅಂಕೆ, ಚಿಹ್ನೆ ಎಲ್ಲ ಇರಬೇಕು, ಯಾರಿಗೂ ತಿಳಿಯಬಾರದು ಎಂದ. ಠಸ್ಸೆಯವರು ಅವನನ್ನು ಆಚೆ ಕಳಿಸಿ, ತಾವೇ ಒಂದು ಪಾಸ್‌ವರ್ಡ್ ಕಟ್ಟಿದರು. ಅದು ಎಷ್ಟು ಭದ್ರವಾಗಿತ್ತೆಂದರೆ ಎರಡು ನಿಮಿಷದಲ್ಲಿ ಅವರಿಗೇ ಮರೆತುಹೋಗುವ ಹಾಗಿತ್ತು. ಎಲ್ಲಿ ಬರೆದಿಡುವುದು? ಆಗ ಅವರಿಗೆ ನಾಲ್ಕು ಸಾವಿರದ ನಾನೂರ ಹದಿನೇಳು ನೆನಪಾಯಿತು. ಹನ್ನೊಂದು ವರ್ಷದಿಂದ ಆ ಪುಸ್ತಕವನ್ನು ಒಬ್ಬರೂ ಮುಟ್ಟಿರಲಿಲ್ಲ, ಅದರ ತಾರೀಖಿನ ಚೀಟಿ ಬೆಳ್ಳಗೆ ಉಳಿದಿತ್ತು. ಪ್ರಪಂಚದಲ್ಲಿ ಇದಕ್ಕಿಂತ ಸುರಕ್ಷಿತ ಜಾಗ ಎಲ್ಲಿದೆ? ಆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದು, ಪುಸ್ತಕವನ್ನು ಜಾಗಕ್ಕೆ ಸೇರಿಸಿ, ಕೈ ಕೊಡವಿಕೊಂಡರು. ನಾಲ್ಕನೆಯ ನಿಯಮ ಮುರಿದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಮರುದಿನ ಬುಧವಾರ ಎಂದಿನಂತೆ ಹತ್ತಾರು ಜನ ಬಂದು ಹೋದರು. ಎಂದಿನಂತೆ ಠಸ್ಸೆ ಬಿತ್ತು, ಮುಂದಿನವರು, ಠಸ್ಸೆ ಬಿತ್ತು, ಮುಂದಿನವರು.

ಮೊದಲ ವಾರದ ಪೋಸ್ಟುಗಳ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ‘ಮೌನವಾಗಿರಿ’ ಎಂಬ ಫಲಕದ ಚಿತ್ರ ಹಾಕಿದರು, ಜನ ಹಾಗೆಯೇ ನಡೆದುಕೊಂಡರು. ಕಪಾಟಿನ ಚಿತ್ರ ಹಾಕಿದರು. ಅದಕ್ಕೆ ಮೂರು ಲೈಕ್ ಬಂತು: ಒಂದು ಅವರದು, ಒಂದು ಭಾವಮೈದನದು, ಇನ್ನೊಂದು ಕಪಾಟು ಮಾರುತ್ತೀರಾ ಎಂದು ಕೇಳಿದ ಯಾರೋ ಪುಣ್ಯಾತ್ಮನದು. ಒಂಬತ್ತು ದಿನದ ಮೇಲೆ ಪೇಜಿನ ಬಳಗ ಹದಿನಾಲ್ಕು ಜನ. ಉಗ್ರಾಣದ ಗೆದ್ದಲು ಠಸ್ಸೆಯವರ ಕನಸಿಗೆ ಬರಲು ಶುರುವಾಯಿತು.

“ಭಾವ, ಜನಕ್ಕೆ ಕಪಾಟು ಬೇಡ, ಜನ ಬೇಕು. ಮನುಷ್ಯರನ್ನ ಹಾಕಿ,” ಎಂದ ಭಾವಮೈದ. “ಒಂದೇ ಸಲ ಮೂವತ್ತು ಪೋಸ್ಟ್ ತುಂಬಿ ಇಟ್ಬಿಡಿ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದೇ ಒಂದೊಂದಾಗಿ ಹೋಗುತ್ತೆ.”

ಈ ಮಾತು ಠಸ್ಸೆಯವರ ತಲೆಯೊಳಗೆ ದೀಪ ಹಚ್ಚಿತು. ಅವರ ಮೇಜಿನ ಮೇಲೊಂದು ಮರದ ಟ್ರೇ ಇತ್ತು. ಯಾರು ಪುಸ್ತಕ ತೆಗೆದುಕೊಂಡರೂ ಆ ಪುಸ್ತಕದ ಕಾರ್ಡನ್ನು ಆ ಓದುಗರ ಚೀಟಿಗೆ ಸಿಕ್ಕಿಸಿ ಟ್ರೇಯಲ್ಲಿ ನಿಲ್ಲಿಸುವುದು ಪದ್ಧತಿ. ಚೀಟಿಯ ಮೇಲೆ ಓದುಗರ ಹೆಸರು, ಕಸುಬು, ಪುಟ್ಟ ಫೋಟೊ. ಕಾರ್ಡಿನ ಮೇಲೆ ಪುಸ್ತಕದ ಹೆಸರು, ಸಂಖ್ಯೆ. ಓದುವವರಿಗೆ ಊರ ಮುಂದೆ ಗೌರವ ಸಲ್ಲಿಸಿದ ಹಾಗೂ ಆಯಿತು, ಮನುಷ್ಯರನ್ನು ಹಾಕಿದ ಹಾಗೂ ಆಯಿತು. ಟ್ರೇಯ ಮೂವತ್ತು ಜೋಡಿಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಒಂದೊಂದರ ಫೋಟೊ ತೆಗೆದು, ಮೂವತ್ತು ದಿನಕ್ಕೆ ತುಂಬಿಬಿಟ್ಟರು. ಒಂದಾದರೂ ಓದಿದರೇ ಎಂದು ಕೇಳಬೇಡಿ. ಸಂಖ್ಯೆ ನೋಡಿದರು, ಅದೂ ಕ್ರಮ ತಪ್ಪದಿರಲೆಂದಷ್ಟೇ, ಯಾವುದೂ ತಲೆಯಲ್ಲಿ ಉಳಿಯಲಿಲ್ಲ. ಪ್ರತಿಯೊಂದರ ಕೆಳಗೂ ಅದೇ ಘೋಷವಾಕ್ಯ: ‘ಇಂದಿನ ಓದುಗರು. ಇವರ ದಾರಿಯಲ್ಲಿ ನೀವೂ ನಡೆಯಿರಿ.’

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಓದುಗರು ಊರಿಗೆ ದರ್ಶನ ಕೊಟ್ಟರು. ಅವರು ಮೂಲೆಮನೆ ಆಸ್ಪತ್ರೆಯ ಡಾಕ್ಟರು. ಪುಸ್ತಕ: ‘ನಿಮ್ಮ ಕಾಯಿಲೆ ಯಾವುದು? ಏನೂ ಗೊತ್ತಿಲ್ಲದವರಿಗೆ ಸುಲಭ ಪರಿಚಯ’.

ಹತ್ತೂವರೆಗೆ ಡಾಕ್ಟರು ಕೊರಳಲ್ಲಿ ಸ್ಟೆತಾಸ್ಕೋಪ್ ನೇತುಹಾಕಿಕೊಂಡೇ ಓಡಿಬಂದರು.

“ಏನ್ರೀ ಮಾಡಿದ್ರಿ? ಬೆಳಿಗ್ಗೆಯಿಂದ ಒಬ್ಬ ಪೇಷೆಂಟ್ ಇಲ್ಲ. ಬಂದ ಒಬ್ಬ ಅಜ್ಜಿ ‘ಪುಸ್ತಕ ನೋಡಿ ಹೇಳಿ ಡಾಕ್ಟ್ರೇ, ನಾನು ಕಾಯ್ತೀನಿ’ ಅಂತ ಕೂತ್ಕೊಂಡ್ರು. ಜನ ಅದನ್ನ ಓದ್ಕೊಂಡು ಬಂದು ನನ್ನ ತಲೆ ತಿಂತಾರೆ, ಅದರಲ್ಲಿ ಏನು ಹಾಳುಮೂಳು ಬರ್ದಿದ್ದಾರೆ ನೋಡೋಣ ಅಂತ ತಗೊಂಡಿದ್ದು ನಾನು.”

“ಓದೋದು ಅವಮಾನವೇ ಡಾಕ್ಟ್ರೇ?” ಎಂದರು ಠಸ್ಸೆಯವರು. ತಲೆ ಎತ್ತಲಿಲ್ಲ, ಏಕೆಂದರೆ ಫೋನ್ ನೋಡುತ್ತಿದ್ದರು. ಹದಿನಾಲ್ಕು ಇದ್ದದ್ದು ಇನ್ನೂರ ಆರು ಆಗಿತ್ತು. ಜೀವಮಾನದಲ್ಲಿ ಇಷ್ಟು ಜನ ಅವರನ್ನು ಹಿಂಬಾಲಿಸಿದ್ದು ಇರಲಿಲ್ಲ. ಎದೆ ಉಬ್ಬಿತು. ಡಾಕ್ಟರ ಗೋಳು ಗಾಳಿಗೆ ಹೋಯಿತು.

ಶುಕ್ರವಾರ ಡ್ರೈವಿಂಗ್ ಸ್ಕೂಲಿನ ಮಾಸ್ತರು, ‘ಮೊದಲ ಸಲ ಸ್ಟಿಯರಿಂಗ್ ಹಿಡಿಯುವವರ ಭಯ ನಿವಾರಣೆ’. ಅವರ ಕಾರಿನಲ್ಲಿ ಕೂತಿದ್ದ ನಾಲ್ಕು ಜನ ಶಿಷ್ಯರು ಸಿಗ್ನಲ್ಲಿನಲ್ಲೇ ಬಾಗಿಲು ತೆರೆದು ಇಳಿದು ಹೋದರಂತೆ. ಶನಿವಾರ ಬ್ಯಾಂಕಿನ ಕಾವಲುಗಾರ, ‘ಗಾಢನಿದ್ರೆಗೆ ಹನ್ನೆರಡು ಸೂತ್ರಗಳು’. ಬ್ಯಾಂಕಿನ ಮ್ಯಾನೇಜರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬ್ಯಾಂಕಿಗೆ ಧಾವಿಸಿದರು. ಕಾವಲುಗಾರ ‘ನಿದ್ದೆ ಬರದಿರೋದು ನಮ್ಮನೆಯವಳಿಗೆ ಸಾರ್’ ಎಂದು ಅಂಗಲಾಚಿದರೂ ಕೇಳುವವರಿಲ್ಲ. ಭಾನುವಾರ ಹೋಟೆಲಿನ ಯಜಮಾನರು, ‘ಏಳು ದಿನದಲ್ಲಿ ಅಡುಗೆ ಕಲಿಯಿರಿ’. ಅವರು ಮೂರನೆಯ ದಿನದ ಪಾಠದಲ್ಲಿದ್ದರು ಎಂಬುದನ್ನು ಹೋಟೆಲಿನ ಖಾಯಂ ಗಿರಾಕಿಗಳು ಸುಲಭವಾಗಿ ನಂಬಿದರು.

ಊರು ದಂಗಾಗಿತ್ತು. ಬೆಳಿಗ್ಗೆ ಒಂಬತ್ತಾಯಿತೆಂದರೆ ಬಸ್ಸಿನಲ್ಲಿ, ಕಚೇರಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಎಲ್ಲರ ಕೈಯಲ್ಲೂ ಫೋನು. ಪೇಜಿನ ಬಳಗ ಸಾವಿರ ದಾಟಿತು, ಸಾವಿರದ ಎಂಟುನೂರು ದಾಟಿತು. ಆದರೆ ಪುಸ್ತಕಾಲಯದಲ್ಲಿ ವಿಚಿತ್ರವೊಂದು ಕಂಡಿತು. ಬಂದವರು ಯಾರೂ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿರಲಿಲ್ಲ. ಒಬ್ಬರು ಮಫ್ಲರ್ ಮುಚ್ಚಿಕೊಂಡು ಬಂದು ‘ಈ ಪುಸ್ತಕ ನನ್ನದಲ್ಲ, ದಾರೀಲಿ ಸಿಕ್ತು’ ಎಂದು ಮೇಜಿನ ಮೇಲಿಟ್ಟು ಓಡಿಹೋದರು. ಅವರ ಫೋಟೊ ಟ್ರೇಯಲ್ಲಿ ನಗುತ್ತಿತ್ತು.

ಮಂಗಳವಾರ, ಆರನೆಯ ಪೋಸ್ಟ್ ಹೋದ ದಿನ, ಡಾಕ್ಟರ ಮುಂದಾಳತ್ವದಲ್ಲಿ ಆರೂ ಜನ ಬಂದು ಮೇಜಿನ ಸುತ್ತ ನಿಂತರು.

“ಇವತ್ತು ಇದು ನಿಲ್ಬೇಕು. ಇಲ್ಲ ಅಂದ್ರೆ ನಾವು ಇಲ್ಲಿಂದ ಕದಲಲ್ಲ,” ಎಂದರು ಡ್ರೈವಿಂಗ್ ಮಾಸ್ತರು.

ಠಸ್ಸೆಯವರಿಗೂ ಅಷ್ಟು ಹೊತ್ತಿಗೆ ಸಾಕಾಗಿತ್ತು. ಬೇಕಾದದ್ದು ಸಾವಿರ ಜನ, ಬಂದದ್ದು ಅದರ ಎರಡರಷ್ಟು. ಉಗ್ರಾಣ ತಪ್ಪಿತು, ಇನ್ನೇಕೆ ಊರ ಜಗಳ? “ಆಗಲಿ, ತೆಗೆದುಹಾಕ್ತೀನಿ,” ಎಂದು ದೊಡ್ಡ ಮನಸ್ಸಿನಿಂದ ಕಂಪ್ಯೂಟರಿನತ್ತ ತಿರುಗಿದರು. ಮಧ್ಯಾಹ್ನ ಕರೆಂಟು ಹೋಗಿ ಬಂದಿತ್ತು. ಕಂಪ್ಯೂಟರು ಅವರ ಗುರುತೇ ಇಲ್ಲದಂತೆ ಪಾಸ್‌ವರ್ಡ್ ಕೇಳಿತು.

“ಒಂದು ನಿಮಿಷ,” ಎಂದು ಎದ್ದು ಕಪಾಟಿಗೆ ಹೋದರು. ನಾಲ್ಕು ಸಾವಿರದ ನಾನೂರ ಹದಿನಾರು ಇತ್ತು. ಹದಿನೆಂಟು ಇತ್ತು. ನಡುವೆ ಒಂದು ಪುಸ್ತಕದಷ್ಟು ಅಗಲದ ಕತ್ತಲು ಇತ್ತು.

ಹನ್ನೊಂದು ವರ್ಷ ಯಾರಿಗೂ ಬೇಡವಾಗಿದ್ದ ಪುಸ್ತಕ ಇದೇ ಹೊತ್ತಿಗೆ ಯಾರಿಗೆ ಬೇಕಾಯಿತು? ಓಡಿಬಂದು ಟ್ರೇ ಹುಡುಕಿದರು. ಏಳನೆಯ ಜಾಗದಲ್ಲಿ ಆ ಕಾರ್ಡು ಸಿಕ್ಕಿತು. ಅಂದು ಮೊಟ್ಟಮೊದಲ ಬಾರಿಗೆ ಅವರು ಒಂದು ಪುಸ್ತಕದ ಹೆಸರು ಓದಿದರು. ‘ಗಂಡನಿಲ್ಲದ ಮನೆ: ಹೆಂಗಸರಿಗೊಂದು ಕೈಪಿಡಿ’. ಕಾರ್ಡು ಸಿಕ್ಕಿಸಿದ್ದ ಚೀಟಿಯಲ್ಲಿ ಪುಟ್ಟ ಫೋಟೊ ಇತ್ತು. ಕಸುಬು: ಕನ್ನಡಕದ ಅಂಗಡಿ.

ಅದು ಅವರ ಹೆಂಡತಿಯ ಫೋಟೊ.

ಹೋದ ವಾರದ ಹಿಂದಿನ ಬುಧವಾರ ಅವಳು ಬಂದಿದ್ದಾಳೆ. ಎದುರಿಗೆ ನಿಂತಿದ್ದಾಳೆ. ಅಗ್ನಿಸಾಕ್ಷಿಯಾಗಿ ಕೈ ಹಿಡಿದವಳ ಪುಸ್ತಕಕ್ಕೆ, ತಮ್ಮದೇ ಪೆನ್ಸಿಲ್ ಬರಹವನ್ನೂ ನೋಡದೆ, ಠಸ್ಸೆ ಒತ್ತಿ ತಾವು ‘ಮುಂದಿನವರು’ ಎಂದಿದ್ದಾರೆ. ಏಳನೆಯ ಕಾರ್ಡು ಎಂದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಊರಿನ ಎರಡು ಸಾವಿರ ಫೋನಿಗೆ ಅವಳು, ಆ ಪುಸ್ತಕ, ಕೆಳಗೆ ‘ಇವರ ದಾರಿಯಲ್ಲಿ ನೀವೂ ನಡೆಯಿರಿ’.

“ಸಿಕ್ತೇನ್ರೀ ಪಾಸ್‌ವರ್ಡು?” ಎಂದರು ಡಾಕ್ಟರು.

“ನಾಳೆ,” ಎಂದರು ಠಸ್ಸೆಯವರು. ಆ ದನಿ ಕೇಳಿ ಡಾಕ್ಟರು ಸಿಟ್ಟು ಮರೆತು ಅವರ ನಾಡಿ ಹಿಡಿದು ನೋಡಿದರು.

ಭಾವಮೈದನಿಗೆ ಫೋನ್ ಮಾಡಿದರು. ಕಾರ್ಡಿನ ವಿಷಯ ಹೇಳುವಂತಿಲ್ಲ, ಅವನು ಅವಳ ತಮ್ಮ.

“ಪಾಸ್‌ವರ್ಡ್ ಮರೆತ್ರೆ ಏನಂತೆ ಭಾವ, ಪೇಜಿಗೆ ಕೊಟ್ಟಿರೋ ನಂಬರಿಗೆ ಮೆಸೇಜ್ ಬರುತ್ತೆ, ನೋಡಿ ಹೇಳಿ.”

ಠಸ್ಸೆಯವರು ಮೇಜಿನ ಮೇಲಿದ್ದ ಕರಿಯ ಟೆಲಿಫೋನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೆಸೇಜ್ ಎಲ್ಲೂ ಕಾಣಲಿಲ್ಲ.

ಕೊನೆಗೆ ಸಾಹೇಬರಿಗೇ ಫೋನ್ ಹಚ್ಚಿದರು. ಪ್ರಧಾನ ಕಚೇರಿಯವರು ಮನಸ್ಸು ಮಾಡಿದರೆ ಯಾವ ಶಾಖೆಯ ಪೇಜನ್ನಾದರೂ ಮುಚ್ಚಿಸಬಹುದು.

“ಮುಚ್ಚೋದಾ? ತಲೆ ಕೆಟ್ಟಿದೆಯೇನ್ರೀ?” ಸಾಹೇಬರ ದನಿಗೆ ಟೆಲಿಫೋನು ಕೈಯಲ್ಲೇ ನಡುಗಿತು. “ಇಡೀ ಇಲಾಖೆಯಲ್ಲಿ ನಂಬರ್ ಒನ್ ಪೇಜು ನಿಮ್ದು. ಮೂವತ್ತೂ ಹೋಗ್ಬೇಕು. ನಾಳೆ ನಾನೇ ಬಂದು ನಿಮಗೆ ಶಾಲು ಹೊದಿಸ್ತೀನಿ.”

ಉಳಿದದ್ದು ಒಂದೇ ದಾರಿ. ಮನೆಗೆ ಹೋಗಿ, ಹೆಂಡತಿಯ ಕೈಯಲ್ಲಿರುವ ಪುಸ್ತಕದ ಕೊನೆಯ ಪುಟ ನೋಡುವುದು.

ಅವರು ಮನೆ ಸೇರಿದಾಗ ಅವಳು ಸ್ಟೂಲಿನ ಮೇಲೆ ನಿಂತು ಫ್ಯೂಸ್ ಪೆಟ್ಟಿಗೆಯೊಳಗೆ ಕೈ ಹಾಕಿದ್ದಳು. ಮೇಜಿನ ಮೇಲೆ ಪತ್ರಿಕೆಯ ಹೊದಿಕೆ ಹಾಕಿದ ಪುಸ್ತಕವೊಂದು ತೆರೆದುಕೊಂಡು ಬೋರಲು ಮಲಗಿತ್ತು. ಠಸ್ಸೆಯವರು ಬೆಕ್ಕಿನಂತೆ ಮೇಜಿನ ಕಡೆ ಸರಿದರು.

“ರೀ, ಸ್ಪ್ಯಾನರ್ ಎಲ್ಲಿಟ್ಟಿದ್ದೀರಾ?” ಅವಳು ಇಳಿದು ಬಂದು ಪುಸ್ತಕ ಕೈಗೆತ್ತಿಕೊಂಡಳು. “ಗ್ಯಾಸಿನ ಕಾಗದ, ಮನೆ ಕಾಗದ ಎಲ್ಲ ಯಾವ ಫೈಲಲ್ಲಿದೆ? ನೀರಿನ ಮೋಟರು ಕೆಟ್ಟರೆ ಯಾರನ್ನ ಕರೀತೀರಾ? ಅವರ ನಂಬರ್ ಬರ್ಕೊಡಿ.”

ಮನೆ ಬಿಟ್ಟು ಹೋಗುವವಳು ಮೋಟರಿನ ಚಿಂತೆ ಮಾಡುವುದಿಲ್ಲ. ಅಂದರೆ ಹೋಗುವುದು ಅವಳಲ್ಲ, ತಾವು. ಹತ್ತೊಂಬತ್ತು ವರ್ಷದ ಸಂಸಾರದ ಕೊನೆಯಲ್ಲಿ ತಮ್ಮನ್ನೇ ಹೊರಗೆ ಹಾಕುವ ಏರ್ಪಾಡು ಅಧ್ಯಾಯ ಅಧ್ಯಾಯವಾಗಿ ನಡೆದಿದೆ.

“ಏನು ಓದ್ತಿದ್ದೀಯಾ?” ಎಂದರು, ದನಿ ಸಹಜವಾಗಿರಲೆಂದು ಕೆಮ್ಮಿ.

“ಪುಸ್ತಕ.”

“ಕೊನೇ ಪುಟ ಒಂಚೂರು ತೋರಿಸ್ತೀಯಾ?”

“ಕೊನೇ ಪುಟ ಮೊದಲೇ ನೋಡಿದ್ರೆ ಓದೋದ್ರಲ್ಲಿ ಏನು ಸ್ವಾರಸ್ಯ ಇರುತ್ತೆ? ನೀವು ಎಂದಾದ್ರೂ ಪುಸ್ತಕ ಓದಿದ್ರೆ ಗೊತ್ತಾಗ್ತಿತ್ತು.”

ಆ ಸಂಜೆ ಠಸ್ಸೆಯವರು ಪಾತ್ರೆ ತೊಳೆದರು. ನೆಲ ಒರೆಸಿದರು. ಅತ್ತೆಯ ಆರೋಗ್ಯ ವಿಚಾರಿಸಿದರು. ಹೆಂಡತಿ ಕನ್ನಡಕ ಏರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಏನು ತಪ್ಪು ಮಾಡಿದ್ದೀರಾ?” ಎಂದಷ್ಟೇ ಕೇಳಿ, ಪುಸ್ತಕವನ್ನು ದಿಂಬಿನ ಅಡಿಗೆ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಎಂಟೂವರೆಗೆ ಅದನ್ನು ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದಳು.

ಒಂಬತ್ತು ಹೊಡೆಯಿತು.

ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಎದುರುಮನೆಯಾಕೆ ಬಾಗಿಲಲ್ಲಿ ನಿಂತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದರು. ಐದು ನಿಮಿಷಕ್ಕೆ ಅತ್ತೆಯ ಫೋನು ಬಂತು.

“ಅಳಿಯಂದ್ರೇ, ನನ್ನ ಮಗಳಿಗೆ ಏನು ಮಾಡಿದ್ರಿ?”

“ಏನೂ ಮಾಡಿಲ್ಲ ಅತ್ತೆ.”

“ಅದೇ ತಪ್ಪು,” ಎಂದು ಅತ್ತೆ ಫೋನ್ ಇಟ್ಟರು.

ಆಮೇಲೆ ಭಾವಮೈದ ಏದುಸಿರು ಬಿಡುತ್ತ ಬಂದ. “ಭಾವ, ನನ್ನ ಅಕ್ಕ ನಿಮ್ಮನ್ನ ಬಿಡ್ತಾ ಇದ್ದಾಳೆ ಅನ್ನೋದನ್ನ ನೀವೇ ಊರಿಗೆ ಪೋಸ್ಟ್ ಮಾಡಿದ್ದೀರಲ್ಲ. ಅದೂ ಇವರ ದಾರೀಲಿ ನೀವೂ ನಡೀರಿ ಅಂತ. ಹೋಟೆಲ್ ಯಜಮಾನ್ರ ಹೆಂಡತಿ ಆಗಲೇ ಪೆಟ್ಟಿಗೆ ಕಟ್ಟಿದ್ದಾರಂತೆ.”

ಪುಸ್ತಕಾಲಯದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಜಾತ್ರೆ. ಹಿಂದೆ ಇಬ್ಬರು ಇರುತ್ತಿದ್ದ ಬೆಂಚುಗಳ ಮೇಲೆ ಅರವತ್ತು ಜನ. ಮಲಗುವವರಿಗೆ ಜಾಗವೇ ಇರಲಿಲ್ಲ. ಡಾಕ್ಟರು ಮುಂದಿನ ಸಾಲಿನಲ್ಲಿದ್ದರು. ಸಮಾಧಾನ ಹೇಳಲು ಬಂದವರ ಮುಖ ಇಷ್ಟು ಅರಳಿರುವುದನ್ನು ಠಸ್ಸೆಯವರು ಎಂದೂ ಕಂಡಿರಲಿಲ್ಲ. ಹನ್ನೆರಡಕ್ಕೆ ಸಾಹೇಬರು ಶಾಲು ಹಿಡಿದು ಬಂದರು.

“ಭೇಷ್ ಕಣ್ರೀ. ಸ್ವಂತ ಹೆಂಡತೀನೂ ಬಿಡ್ಲಿಲ್ಲ ನೀವು. ಇದು ಕರ್ತವ್ಯನಿಷ್ಠೆ ಅಂದ್ರೆ,” ಎಂದು ಶಾಲು ಹೊದಿಸಿದರು. ಠಸ್ಸೆಯವರು ಅದನ್ನು ಹೊದ್ದು, ಚಳಿಜ್ವರ ಬಂದವರಂತೆ ಕೂತರು.

ಒಂದು ಗಂಟೆಗೆ ಅವಳು ಬಂದಳು. ಊಟದ ವಿರಾಮ ಇದ್ದಿರಬೇಕು, ಕೊರಳಲ್ಲಿ ಅಂಗಡಿಯ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಅವಳು ಸೀದಾ ಮೇಜಿನ ಬಳಿ ಬಂದು ಪುಸ್ತಕ ಮುಂದಿಟ್ಟಳು.

“ಇವತ್ತು ವಾಪಸ್ ತರೋ ತಾರೀಖು. ತಂದಿದ್ದೀನಿ.”

ಠಸ್ಸೆಯವರು ಪುಸ್ತಕದ ಮೇಲೆ ಬಿದ್ದು ಕೊನೆಯ ಪುಟ ತೆರೆದರು. ತಾರೀಖಿನ ಚೀಟಿ ಶುಭ್ರವಾಗಿತ್ತು. ಒಂದೇ ಒಂದು ಠಸ್ಸೆ, ಅವರದೇ. ಬೇರೇನೂ ಇಲ್ಲ.

“ಇಲ್ಲಿ ಪೆನ್ಸಿಲಲ್ಲಿ ಏನೋ ಬರೆದಿತ್ತಲ್ಲ?”

“ಯಾರೋ ತಿಳಿಗೇಡಿ ಗೀಚಿದ್ದ. ರಬ್ಬರ್ ತಗೊಂಡು ಅಳಿಸಿದೆ. ನಾಲ್ಕನೇ ನಿಯಮ,” ಎಂದು ಅವಳು ಗೋಡೆಯ ಫಲಕ ತೋರಿಸಿದಳು.

ಇಷ್ಟಾದ ಮೇಲೆ ಮುಚ್ಚಿಡಲು ಏನು ಉಳಿಯಿತು? ಠಸ್ಸೆಯವರು ಅರವತ್ತು ಜನರನ್ನೂ ಮರೆತು ಕೇಳಿಯೇಬಿಟ್ಟರು. “ನನ್ನನ್ನ ಯಾಕೆ ಬಿಡ್ತಿದ್ದೀಯಾ?”

ಅವಳು ಅವರನ್ನೇ ನೋಡಿದಳು. ಅವರು ಮೇಜನ್ನು ನೋಡುತ್ತಿದ್ದರು.

“ಬಿಟ್ಟು ಹೋಗ್ತಿರೋದು ನೀವು,” ಎಂದಳು. “ನಿಮ್ಮ ಕೋಟು ಒಗೆಯೋಕೆ ತಗೊಂಡಾಗ ಕಾಗದ ಸಿಕ್ತು. ಹತ್ತು ಗಂಟೆ ದೂರದ ಉಗ್ರಾಣ ಅಂತೆ. ನನ್ನ ಕೆಲಸ ಇಲ್ಲಿ, ಅಮ್ಮ ಇಲ್ಲಿ. ನಿಮ್ಮ ಜೊತೆ ಬರೋ ಹಾಗಿಲ್ಲ. ನೀವು ಬಾಯಿ ಬಿಟ್ಟು ಹೇಳೋರಲ್ಲ, ಅದು ತಪ್ಪಿತೋ ಇಲ್ವೋ ಅಂತಾನೂ. ಒಬ್ಬಳೇ ಫ್ಯೂಸ್ ಹಾಕೋದು, ಮೋಟರ್ ನೋಡ್ಕೊಳ್ಳೋದು ಕಲಿಯೋಣ ಅಂತ ತಗೊಂಡೆ. ಮನೇಲಿ ನೀವಿಲ್ಲದೆ ಹೇಗಪ್ಪಾ ಇರೋದು ಅಂತ ಹೆದರಿಕೆ ಆಗಿತ್ತು ನನಗೆ. ಇದೇ ಜಾಗದಲ್ಲಿ ನಿಂತು ಪುಸ್ತಕ ಕೊಟ್ಟೆ. ಹೆಸರು ನೋಡಿಯಾದ್ರೂ ಕೇಳ್ತಾರೆ ಅಂದ್ಕೊಂಡೆ. ಮುಂದಿನವರು ಅಂದ್ರಿ.”

ಬೆಂಚಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಡ್ರೈವಿಂಗ್ ಮಾಸ್ತರು ಇರಬೇಕು.

ಅಷ್ಟರಲ್ಲಿ ಸಾಹೇಬರು ಕೈ ತಟ್ಟಿದರು. “ಇದನ್ನೂ ಪೋಸ್ಟ್ ಮಾಡ್ರೀ. ಐದು ಸಾವಿರ ಆಗುತ್ತೆ. ನಾಳೆ ಯಾರದು?”

ಠಸ್ಸೆಯವರು ಎಂಟನೆಯ ಕಾರ್ಡು ಎಳೆದರು. ಈಗ ಹೆಸರು ಓದುವ ಚಟ ಹತ್ತಿತ್ತು. ಓದಿದರು. ಏಳನೆಯ ನಿಯಮ ನೆನಪಾಗಿ ಬಾಯಿ ಬಿಡದೆ, ಕಾರ್ಡನ್ನು ಸಾಹೇಬರ ಕಡೆಗೆ ಮಾತ್ರ ತಿರುಗಿಸಿದರು. ಕಥೆ ಹೇಳುವವರಿಗೆ ಆ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ನಿಮ್ಮ ಕಿವಿಗೆ ಮಾತ್ರ: ‘ಎದುರುತ್ತರ ಕೊಡುವ ಕಲೆ: ಅಂಜುಬುರುಕರಿಗೆ ಹತ್ತು ಪಾಠಗಳು’. ತಪಾಸಣೆಯ ದಿನ ಸಾಹೇಬರು ತೆಗೆದುಕೊಂಡದ್ದು. ಅವಧಿ ಮೀರಿ ಎರಡು ದಿನ ಆಗಿತ್ತು.

ಸಾಹೇಬರ ದನಿ ಇಷ್ಟು ಸಣ್ಣದಾಗಬಲ್ಲದೆಂದು ಯಾರಿಗೂ ತಿಳಿದಿರಲಿಲ್ಲ. “ನಮ್ಮನೆಯವಳೂ ಈ ಪೇಜ್ ನೋಡ್ತಾಳೆ,” ಎಂದು ಪಿಸುಗುಟ್ಟಿ, ಮೂಲೆಗೆ ಹೋಗಿ ಪ್ರಧಾನ ಕಚೇರಿಗೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಪೇಜು ಇರಲಿಲ್ಲ. ಡಾಕ್ಟರು ಚಪ್ಪಾಳೆ ತಟ್ಟಿದರು.

ಸಾ‌ಹೇಬರು ಬೆವರು ಒರೆಸಿಕೊಂಡು ಮತ್ತೆ ಸಾಹೇಬರಾದರು. “ಆದರೆ ಪೇಜೇ ಇಲ್ಲ ಅಂದ್ಮೇಲೆ ಸಾವಿರ ಜನ ಎಲ್ಲಿ? ಆದೇಶ ಆದೇಶವೇ. ತಿಂಗಳ ಕೊನೆಗೆ ಶಾಖೆ ಮುಚ್ಚುತ್ತೆ. ನೀವು ಉಗ್ರಾಣಕ್ಕೆ.”

ಠಸ್ಸೆಯವರು ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟರು. ಹೆಂಡತಿ ಗೋಡೆಯ ಕಪಾಟಿನತ್ತ ನೋಡಿದಳು. ಅಲ್ಲಿ ಓದುಗರೇ ತಮ್ಮ ಹೆಸರು, ಪುಸ್ತಕ ಬರೆದ ಇಪ್ಪತ್ತೆರಡು ರಿಜಿಸ್ಟರುಗಳು ಸಾಲಾಗಿ ನಿಂತಿದ್ದವು, ವರ್ಷಕ್ಕೊಂದು.

“ಸಾರ್, ಶಾಖೆ ಮುಚ್ಚಿದ್ರೆ ಈ ರಿಜಿಸ್ಟರ್ ಎಲ್ಲ ಎಲ್ಲಿಗೆ ಹೋಗ್ತವೆ?”

“ಪ್ರಧಾನ ಕಚೇರಿಗಮ್ಮ. ಅಲ್ಲಿ ಎಲ್ಲ ಕಂಪ್ಯೂಟರಿಗೆ ಏರಿಸ್ತಾರೆ.”

“ಇಪ್ಪತ್ತೆರಡು ವರ್ಷದ್ದೂ? ಯಾರ್ಯಾರು ಏನೇನು ತಗೊಂಡಿದ್ರು ಅಂತ?”

“ಒಂದೂ ಬಿಡದೆ,” ಎಂದ ಸಾಹೇಬರು, ತಮ್ಮ ಮಾತು ತಮ್ಮ ಕಿವಿಗೇ ಬಿದ್ದು ಅಲ್ಲಿಗೇ ನಿಂತರು.

ಅರವತ್ತು ಜನ ಒಟ್ಟಿಗೆ ರಿಜಿಸ್ಟರುಗಳತ್ತ ತಿರುಗಿದರು. ಇಪ್ಪತ್ತೆರಡು ವರ್ಷದಲ್ಲಿ ಮನುಷ್ಯ ಏನೇನು ಓದಿರುತ್ತಾನೆ, ಯಾರಿಗೆ ನೆನಪಿರುತ್ತದೆ? ಬ್ಯಾಂಕಿನ ಕಾವಲುಗಾರ ಎದ್ದು ರಿಜಿಸ್ಟರಿನ ಕಪಾಟಿಗೆ ಅಡ್ಡವಾಗಿ ನಿಂತ. ಆ ದಿನ ಅವನಷ್ಟು ಎಚ್ಚರವಾಗಿದ್ದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

“ಈ ಪುಸ್ತಕಾಲಯ ನಮ್ಮ ಊರಿನ ಪ್ರಾಣ,” ಎಂದರು ಡಾಕ್ಟರು ಎದೆ ಮುಟ್ಟಿಕೊಂಡು. “ಇದರಲ್ಲಿ ಒಂದು ಕಾಗದ ಕೂಡ ಊರು ಬಿಟ್ಟು ಹೋಗಕೂಡದು.”

ಕಾಲು ಗಂಟೆಯಲ್ಲಿ ಅರವತ್ತು ಸಹಿ ಬಿದ್ದ ಮನವಿ ತಯಾರಾಯಿತು. ಸಾಹೇಬರು ಮೊದಲು ಮನವಿಗೆ ತಾವೂ ಸಹಿ ಹಾಕಿ, ಆಮೇಲೆ ಅದನ್ನು ತಾವೇ ಸ್ವೀಕರಿಸಿ, ‘ಈ ಶಾಖೆಯನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ, ಗ್ರಂಥಪಾಲಕರನ್ನು ಕದಲಿಸತಕ್ಕದ್ದಲ್ಲ’ ಎಂದು ಅಲ್ಲಿಯೇ ಬರೆದುಕೊಟ್ಟು ಕಾರು ಹತ್ತಿದರು. ಪುಸ್ತಕ ನಾಳೆ ಕಳಿಸುವುದಾಗಿ ಹೇಳಿದರು. ಇನ್ನೂ ಎರಡು ಪಾಠ ಬಾಕಿ ಇತ್ತೆಂದು ಕಾಣುತ್ತದೆ.

ಜನ ಚದುರಲು ಎದ್ದರು. ಅವಳು ಮಾತ್ರ ಮೇಜಿನ ಮುಂದೆಯೇ ನಿಂತಿದ್ದಳು. ಕೈಪಿಡಿಯನ್ನು ಮತ್ತೆ ಅವರತ್ತ ದೂಡಿದಳು.

“ಇನ್ನೆರಡು ವಾರಕ್ಕೆ ಕೊಡಿ. ಮೂರು ಅಧ್ಯಾಯ ಉಳಿದಿದೆ.”

ಎದ್ದವರೆಲ್ಲ ಮತ್ತೆ ಕೂತರು.

“ನಾನು ಹೋಗ್ತಾ ಇಲ್ಲವಲ್ಲ,” ಎಂದರು ಠಸ್ಸೆಯವರು. “ಯಾವ ಅಧ್ಯಾಯ ಉಳಿದಿದೆ?”

ಅವಳು ಬೆರಳೆತ್ತಿ ಫಲಕದ ಏಳನೆಯ ಸಾಲು ತೋರಿಸಿದಳು. ಬೆರಳಿನ ಜೊತೆ ಠಸ್ಸೆಯವರ ಕಣ್ಣು ಮೇಲೆ ಹೋಯಿತು, ಫಲಕದಿಂದ ಇಳಿಯುವಾಗ ದಾರಿಯಲ್ಲಿ ಅವಳ ಮುಖ ಸಿಕ್ಕಿತು. ಅವಳು ನಗುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಓದುಗರ ಮುಖ ನೋಡುತ್ತ ಠಸ್ಸೆ ಒತ್ತಿದರು. ಅದು ಪುಸ್ತಕಕ್ಕೆ ತಾಗದೆ ಅವರದೇ ಎಡಗೈಯ ಹಿಂಬದಿಗೆ ಬಿತ್ತು. ನೇರಳೆ ಶಾಯಿಯಲ್ಲಿ ಎರಡು ವಾರದಾಚೆಯ ತಾರೀಖು, ಅದರ ಕೆಳಗೆ ‘ಒಳಗೆ ಹಿಂದಿರುಗಿಸತಕ್ಕದ್ದು’.

ಅವಳು ಕನ್ನಡಕ ಏರಿಸಿಕೊಂಡು ಆ ಕೈ ಹಿಡಿದು ಓದಿದಳು.

“ಪುಸ್ತಕ ಬೇಡ ಬಿಡಿ,” ಎಂದಳು. “ಇವರನ್ನೇ ತಗೊಂಡು ಹೋಗ್ತೀನಿ. ತಡವಾದ್ರೆ ದಂಡ ಎಷ್ಟು?”